ಚಿಲ್ರೆಯ ಬಟ್ಟಲು

ಮುರಿದ ವಡೆ ಮಾರಾಟಕ್ಕಿಲ್ಲ.
ಬುಟ್ಟಿಯ ತಳದ ಚೂರು, ಅಂಚು, ಕರಿದ ಪುಡಿ
ಎಲ್ಲಾ ಅವಳದೇ, ನಾಕು ವರ್ಷದಿಂದ.
ಮದ್ದೂರು ಸ್ಟೇಷನ್ನಿನ ನಲ್ಲಿಯ ಹಿಂದೆ ಸಿಕ್ಕಿದ್ದಳು,
ಅಂಗೈಯಗಲ, ಕಣ್ಣಿನ್ನೂ ಪೂರ್ತಿ ಬಿಟ್ಟಿರಲಿಲ್ಲ.
ಆವತ್ತು ಜೇಬಲ್ಲಿದ್ದದ್ದು ಬರೀ ಚಿಲ್ರೆ.
ಹೆಸರಿಗಾಗಿ ದೂರ ಹೋಗಲಿಲ್ಲ ನಾನು.

ಈ ಸಲ ಕಾರ್ತೀಕದಲ್ಲಿ ಮಲಗಿದವಳು ಏಳಲಿಲ್ಲ.
ಉಚ್ಚೆ ಡಿಕಾಕ್ಷನ್ನಿನ ಬಣ್ಣ.
ಗೋಣಿಯಲ್ಲಿ ಸುತ್ತಿ ಹೆಗಲಿಗೇರಿಸಿ
ಪಶು ಆಸ್ಪತ್ರೆಗೆ ನಡೆದೆ.
ಸಾಲಲ್ಲಿ ನನಗಿಂತ ಮುಂದೆ ಎರಡು ಎಮ್ಮೆ, ಒಂದು ಟಗರು.
ಡಾಕ್ಟರಮ್ಮ ಹುಮೇರಾ ತುಟಿ ಎತ್ತಿ ನೋಡಿದರು:
ಒಸಡು ಬಿಳಚಿ, ತೊಳೆದ ಅಕ್ಕಿಯ ಹಾಗೆ.
"ಏನು ಹಾಕ್ತೀರಿ ಇದಕ್ಕೆ?"
ಎದೆಯುಬ್ಬಿಸಿಯೇ ಹೇಳಿದೆ:
"ವಡೆ ಕಣಮ್ಮ. ದಿನಾ. ನನ್ ಕೈದೇ."

ಅವರು ಪೆನ್ನು ಕೆಳಗಿಟ್ಟರು.

ಈರುಳ್ಳಿ, ಅಂದರು.
ನಾಯಿಯ ರಕ್ತವನ್ನು ಒಳಗೊಳಗೇ ಒಡೆಯುತ್ತದಂತೆ.
ಬೆಂದರೂ ಅಷ್ಟೇ, ಕರಿದರೂ ಅಷ್ಟೇ.
ನನ್ನ ಬೆರಳು ನೋಡಿಕೊಂಡೆ,
ಮೂವತ್ತೊಂದು ವರ್ಷ ಈರುಳ್ಳಿ ಹೆಚ್ಚಿದ ಬೆರಳು.
ಮನೆಗೆ ಶೀಟು ಹೊದಿಸಿದ್ದು ಈ ಈರುಳ್ಳಿ,
ಮಗಳ ಫೀಸು ಕಟ್ಟಿದ್ದು ಈ ಈರುಳ್ಳಿ.
ಹೆಚ್ಚುವಾಗ ಬರುತ್ತಿದ್ದ ಕಣ್ಣೀರನ್ನು
ನಾನು ಎಂದೂ ಲೆಕ್ಕಕ್ಕೆ ಹಿಡಿದವನಲ್ಲ.

ಸೂಜಿ ಐದು. ಟಾನಿಕ್ಕು ಒಂದು.
"ವಡೆ ಇವತ್ತೇ ಬಂದ್. ಅದಕ್ಕೆ ನಾಳೆ ಅನ್ನೋದಿಲ್ಲ.
ಮಿಕ್ಕಿದ್ದನ್ನ ಮಾತ್ರ ಮೆಲ್ಲಗೆ ಬದಲಾಯಿಸಿ,
ಹೊಟ್ಟೆಗೆ ಗೊತ್ತಾಗದ ಹಾಗೆ."

ಪೇಟೆಯ ಅಂಗಡಿಯಲ್ಲಿ ಚೀಲಗಳ ಸಾಲು.
ಒಂದರ ಮೇಲೆ ತಲೆ ಬಾಚಿಸಿಕೊಂಡ ಹೊಂಬಣ್ಣದ ನಾಯಿ
ಏಸಿ ಬೋಗಿಯ ಪ್ಯಾಸೆಂಜರಿನ ಹಾಗೆ
ನನ್ನನ್ನು ದಾಟಿ ಎಲ್ಲೋ ನೋಡುತ್ತಿತ್ತು.
ಹಿಂಬದಿಯ ಅಕ್ಷರ ಇರುವೆಗಿಂತ ಸಣ್ಣ.
ಮಗಳು ಓದಿದಳು: ಪ್ರೋಟೀನು ಇಷ್ಟು, ಕೊಬ್ಬು ಇಷ್ಟು, ಬೂದಿ ಇಷ್ಟು.
"ಬೂದಿನೂ ತಿನ್ನಿಸ್ತಾರಾ?"
ಅಂಗಡಿಯ ಹುಡುಗ ನಕ್ಕ. ಮಗಳು ನಗಲಿಲ್ಲ.
ಬೆಲೆಯನ್ನು ವಡೆಯ ಲೆಕ್ಕದಲ್ಲಿ ಭಾಗಿಸಿ ನೋಡಿ
ಚೀಲ ಬೇಡ, ಒಂದು ಕೇಜಿ ಬಿಡಿ ಕಟ್ಟಿಸಿಕೊಂಡೆ.

ಮೊದಲ ದಿನ ಮುಕ್ಕಾಲು ಬಟ್ಟಲು ಅನ್ನ,
ಸಾರು ಸೋಕದ್ದು, ಉಪ್ಪು ಕಾಣದ್ದು,
ಕಾಲು ಪಾಲು ಹೊಸ ಕಾಳು.
ಮಕ್ಕಳು ಕರಿಬೇವು ಬದಿಗಿಡುವ ಹಾಗೆ
ಒಂದೊಂದೇ ಕಾಳು ಆರಿಸಿ ಉಗಿದಳು,
ಬಟ್ಟಲ ಸುತ್ತ ಮಾಲೆ ಹಾಕಿದಂತೆ.
"ಸಪ್ಪೆ ಕೂಳ್ ಯಾರ್ ತಿಂದಾರು, ನೀನ್ ತಿನ್ನು ನೋಡಾನ"
ಅಂದಳು ಚಿಕ್ಕತಾಯಿ, ಒಲೆ ಮುಂದಿನಿಂದಲೇ.
ತಿಂದೆ ಒಂದು ಕಾಳು.
ಹಳೇ ಹುರಿಗಾಳು. ಎಲ್ಲೋ ಮೀನಿನ ನೆರಳು.

ನಾಕನೇ ದಿನ ಅರ್ಧಕ್ಕರ್ಧ.
ಐದನೇ ದಿನ ಭೇದಿ, ಮತ್ತೆ ಕಾಲಿಗೇ ಇಳಿದೆ.
ಬೇಯಿಸಿದ ಸಿಹಿಗುಂಬಳ ಎರಡು ಚಮಚ,
ಭಾನುವಾರ ಒಂದು ಮೊಟ್ಟೆ.
ಏನಾದರೂ ತಿನ್ನುತ್ತಾಳೆ, ತಿನ್ನುವ ಮೊದಲು ಮಾತ್ರ
ನನ್ನ ಬೆರಳು ನೆಕ್ಕಬೇಕು ಅವಳಿಗೆ.
ಹುಣಸೆಹಣ್ಣಿನಲ್ಲಿ ಉಜ್ಜಿದೆ, ಒಲೆಬೂದಿಯಲ್ಲಿ ಉಜ್ಜಿದೆ,
ಸ್ಟೀಲ್ ಲೋಟಕ್ಕೆ ಬೆರಳು ತಿಕ್ಕಿದೆ.
ವಾಸನೆ ನನಗಿಂತ ಹಳೆಯದು, ಹೋಗುವುದಿಲ್ಲ.
ಈಗ ಎಡಗೈಯಲ್ಲಿ ಬಟ್ಟಲಿಡುತ್ತೇನೆ,
ಬಲಗೈ ಬೆನ್ನ ಹಿಂದೆ,
ಸಾಲಗಾರನ ಕಂಡವನ ಹಾಗೆ.

ಇಪ್ಪತ್ತು ದಿನಕ್ಕೆ ಒಸಡಲ್ಲಿ ದಾಳಿಂಬೆಯ ಸುಳಿವು.

ನಿನ್ನೆ ಸಂಜೆಯ ಮೈಸೂರು ಗಾಡಿ. ಎರಡು ನಿಮಿಷ.
"ವಡೇ ವಡೇ ವಡೇ" ಅಂತ ಓಡುತ್ತಿದ್ದೆ.
ಚಿಲ್ರೆ ಕಂಬದ ಬುಡದಲ್ಲಿ ಕೂತಿದ್ದಳು.
ಕಿಟಕಿಯಿಂದ ಒಂದು ಮಗು, ಪಾಪ, ಪ್ರೀತಿಗೆ,
ತಾನು ಕಚ್ಚಿದ ಅರ್ಧ ಎಸೆಯಿತು.
ಇಬ್ಬರೂ ಓಡಿದೆವು.
ನನ್ನ ಕಾಲು ಮೊದಲು ಬಿತ್ತು.

ನಾನೇ ಕರಿದ ವಡೆ ನನ್ನ ಚಪ್ಪಲಿಯಡಿ.
ಗಾಡಿ ತುಂಬ ಕಣ್ಣು.
"ಅದ್ಯಾಕೆ ಹಂಗ್ ತುಳಿದ್ಯಪ್ಪ, ಅನ್ನ ಅದು"
ಅಂದಿತು ಯಾವುದೋ ಮುದುಕಿಯ ದನಿ.
ಹಾರ್ನ್ ಆಯಿತು. ಉತ್ತರ ಹೇಳುವಷ್ಟು ಹೊತ್ತಿರಲಿಲ್ಲ.
ಬಗ್ಗಿ ಎತ್ತಿದೆ, ಮಣ್ಣು ಊದಿ ಕಣ್ಣಿಗೊತ್ತಿಕೊಂಡು
ಅಂಗಿಯ ಜೇಬಿಗೆ ಹಾಕಿ
ಗುಂಡಿ ಹಾಕಿಕೊಂಡೆ.

ಮನೆಯ ತನಕ ಬಂದಳು,
ಕಾಲಿಗೆ ಕಾಲು ತೊಡರಿಸಿಕೊಂಡು,
ಮುಖವನ್ನು ಜೇಬಿನ ಕಡೆಗೇ ಎತ್ತಿ.